ಏನನ್ನೂ ಹಾಕದ ತಟ್ಟೆಯಲ್ಲಿ ಏನಾಯಿತು?

ನಾವು ದಿನವೂ ಮುಟ್ಟುವ, ಹಚ್ಚಿಕೊಳ್ಳುವ, ನುಂಗುವ ರಾಸಾಯನಿಕಗಳು ದೇಹದ ಹಾರ್ಮೋನುಗಳ ಕೆಲಸದಲ್ಲಿ ತಲೆಹಾಕಬಲ್ಲವು ಎಂಬುದಕ್ಕೆ ಕೆಲವು ಅತಿ ಮುಖ್ಯ ಸುಳಿವುಗಳು ಸಿಕ್ಕಿದ್ದು ಕೆಟ್ಟುಹೋದ ಪ್ರಯೋಗಗಳಿಂದ. ಇಂಥ ಪರೀಕ್ಷೆಗಳಲ್ಲಿ, ಪರೀಕ್ಷಿಸಬೇಕಾದ ವಸ್ತುವನ್ನು ಹಾಕಿದ ತಟ್ಟೆಗಳ ಪಕ್ಕದಲ್ಲಿ ಏನನ್ನೂ ಹಾಕದ ಒಂದು ತಟ್ಟೆಯೂ ಇರುತ್ತದೆ. ಪ್ರಯೋಗಾಲಯದವರು ಅದನ್ನು ಕಂಟ್ರೋಲ್ ಎನ್ನುತ್ತಾರೆ. ಉಳಿದ ತಟ್ಟೆಗಳಲ್ಲಿ ಕಂಡದ್ದಕ್ಕೆ ಅರ್ಥ ಬರುವುದು ಅದರೊಂದಿಗೆ ಹೋಲಿಸಿದಾಗ ಮಾತ್ರ. ಒಂದು ವಸ್ತು ಅಪಾಯಕಾರಿ ಎಂಬ ಸುದ್ದಿಯಾಗಲಿ, ಸುರಕ್ಷಿತ ಎಂಬ ಸುದ್ದಿಯಾಗಲಿ, ನಾವು ಮೊದಲು ಕೇಳಬೇಕಾದದ್ದು ಆ ಖಾಲಿ ತಟ್ಟೆಯಲ್ಲಿ ಏನಾಯಿತು ಎಂಬುದನ್ನೇ ಎಂದು ನಾನು ಬಲವಾಗಿ ನಂಬಿದ್ದೇನೆ. ಅದಕ್ಕೆ ಉತ್ತರ ಕೊಡದ ವರದಿ ಯಾರದ್ದೇ ಆಗಿರಲಿ, ಅದಕ್ಕೆ ತೂಕವಿಲ್ಲ.

ಅಮೆರಿಕದ ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಆನಾ ಸೋಟೊ ಮತ್ತು ಕಾರ್ಲೊಸ್ ಸೊನ್ನೆನ್‌ಶೈನ್ 1980ರ ದಶಕದಲ್ಲಿ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರಿನ ಜೀವಕೋಶಗಳೊಂದಿಗೆ ಕೆಲಸ ಮಾಡುತ್ತಿದ್ದರು. ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಇದ್ದರೆ ಈ ಜೀವಕೋಶಗಳು ವೇಗವಾಗಿ ಹೆಚ್ಚುತ್ತವೆ. ಹಾರ್ಮೋನುಗಳನ್ನು ಇದ್ದಿಲಿನಿಂದ ಹೀರಿ ತೆಗೆದ ರಕ್ತದ ಸೀರಮ್ಮಿನಲ್ಲಿ ಇಟ್ಟರೆ ಹೆಚ್ಚದೆ ಸುಮ್ಮನಿರುತ್ತವೆ. ಒಂದು ಹಂತದಲ್ಲಿ ಈಸ್ಟ್ರೋಜನ್ ಹಾಕದ ತಟ್ಟೆಗಳಲ್ಲೂ ಜೀವಕೋಶಗಳು ಎಗ್ಗಿಲ್ಲದೆ ಬೆಳೆಯತೊಡಗಿದವು. ಯಾರೋ ಕೈತಪ್ಪಿ ಹಾರ್ಮೋನು ಬೆರೆಸಿರಬೇಕೆಂದು ಆ ತಟ್ಟೆಗಳನ್ನು ಎಸೆದು ಮುಂದೆ ಹೋಗುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಬಳಸುತ್ತಿದ್ದ ಒಂದೊಂದು ಸಾಮಗ್ರಿಯನ್ನೂ ತೆಗೆದು ನೋಡುತ್ತ ಹೋಗಿ, ಕೊನೆಗೆ ಸೀರಮ್ ತುಂಬಿಡುತ್ತಿದ್ದ ಪ್ಲಾಸ್ಟಿಕ್ ಟ್ಯೂಬುಗಳ ಬಳಿ ನಿಂತರು. ಟ್ಯೂಬಿನಲ್ಲಿ ಏನಿದೆ ಎಂದು ತಯಾರಕರನ್ನು ಕೇಳಿದಾಗ ಅದು ವ್ಯಾಪಾರದ ರಹಸ್ಯ ಎಂಬ ಉತ್ತರ ಬಂತು. ಆ ಬಳಿಕ ಪ್ಲಾಸ್ಟಿಕ್ಕಿನಿಂದ ಜಿನುಗುತ್ತಿದ್ದ ವಸ್ತುವನ್ನು ತಾವೇ ಬೇರ್ಪಡಿಸಿ, ಅದು ನೊನೈಲ್‌ಫೀನಾಲ್ ಎಂದು ಗುರುತಿಸಿ, ಅಂಡಾಶಯ ತೆಗೆದ ಇಲಿಗಳ ಗರ್ಭಕೋಶದ ಒಳಪದರದ ಮೇಲೂ ಅದು ಪ್ರಭಾವ ಬೀರುತ್ತದೆ ಎಂದು ತೋರಿಸಿ 1991ರಲ್ಲಿ ಪ್ರಕಟಿಸಿದರು. ಅದೇ ಜೀವಕೋಶಗಳ ಬೆಳವಣಿಗೆಯನ್ನು ಅಳೆಯುವ ಅವರ ವಿಧಾನ ಇ-ಸ್ಕ್ರೀನ್ ಎಂಬ ಹೆಸರಿನಲ್ಲಿ ಮುಂದೆ ಹಲವು ಪ್ರಯೋಗಾಲಯಗಳ ಸಾಧನವಾಯಿತು.

ಇದು ಒಂದೇ ಬಾರಿ ಆದದ್ದಲ್ಲ. ಸ್ಟ್ಯಾನ್‌ಫರ್ಡಿನಲ್ಲಿ ಡೇವಿಡ್ ಫೆಲ್ಡ್‌ಮನ್ ಅವರ ತಂಡ ಯೀಸ್ಟಿನಲ್ಲಿ ಈಸ್ಟ್ರೋಜನ್ನಿನಂಥ ವಸ್ತುವನ್ನು ಹುಡುಕುತ್ತಿದ್ದಾಗ, ತಾವು ಕಂಡದ್ದು ಯೀಸ್ಟಿನದಲ್ಲ, ಆಟೊಕ್ಲೇವ್ ಎಂಬ ಹಬೆಯ ಯಂತ್ರದಲ್ಲಿ ಬಿಸಿಯಾದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಫ್ಲಾಸ್ಕುಗಳಿಂದ ನೀರಿಗಿಳಿದ, ಆ ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ಬಿಸ್ಫಿನಾಲ್ ಎ ಎಂಬ ರಾಸಾಯನಿಕ ಎಂದು ಅರಿತು 1993ರಲ್ಲಿ ವರದಿ ಮಾಡಿತು. 1998ರಲ್ಲಿ ಅಮೆರಿಕದ ವಿಜ್ಞಾನಿ ಪೆಟ್ರಿಷಿಯಾ ಹಂಟ್ ಅವರ ಪ್ರಯೋಗಾಲಯದಲ್ಲಿ, ಯಾವ ರಾಸಾಯನಿಕವನ್ನೂ ಕೊಡದ ಕಂಟ್ರೋಲ್ ಇಲಿಗಳ ಅಂಡಾಣುಗಳಲ್ಲಿ ವರ್ಣತಂತುಗಳ ದೋಷಗಳು ಇದ್ದಕ್ಕಿದ್ದಂತೆ ಏರಿದವು. ಕಾರಣ ಹುಡುಕಿದಾಗ, ತಪ್ಪಾದ ಕಟು ಮಾರ್ಜಕದಿಂದ ತೊಳೆದು ಹಾಳಾದ ಪ್ಲಾಸ್ಟಿಕ್ ಪಂಜರಗಳಿಂದ ಬಿಸ್ಫಿನಾಲ್ ಎ ಸೋರುತ್ತಿತ್ತು. ಉದ್ದೇಶಪೂರ್ವಕವಾಗಿ ಅದೇ ವಸ್ತುವನ್ನು ಕೊಟ್ಟು ಅದೇ ದೋಷವನ್ನು ಮತ್ತೆ ತೋರಿಸಿದ ನಂತರವೇ, 2003ರಲ್ಲಿ, ಅವರು ಅದನ್ನು ಪ್ರಕಟಿಸಿದರು. ಆದರೆ ನನ್ನನ್ನು ಹೆಚ್ಚು ಕಾಡುವುದು ಮುಂದಿನ ಭಾಗ. ಬಿಸ್ಫಿನಾಲ್ ಎ ಇಲ್ಲದ ಬದಲಿ ಪ್ಲಾಸ್ಟಿಕ್ಕಿನ ಪಂಜರಗಳಿಗೆ ಹೋದ ಬಳಿಕವೂ ಅದೇ ಬಗೆಯ ತೊಂದರೆ ಮರಳಿತು; ಹಾನಿಗೊಂಡ ಪಂಜರಗಳಿಂದ ಈ ಬಾರಿ ಬರುತ್ತಿದ್ದದ್ದು ಅದರ ರಚನೆಗೆ ಹತ್ತಿರವಾದ ಬಿಸ್ಫಿನಾಲ್ ಎಸ್ ಎಂದು 2018ರಲ್ಲಿ ವರದಿಯಾಯಿತು. ಡಬ್ಬಿಯ ಮೇಲೆ ಒಂದು ರಾಸಾಯನಿಕ ಇಲ್ಲ ಎಂದು ಬರೆದಾಗ, ಅದರ ಜಾಗದಲ್ಲಿ ಬಂದದ್ದು ಯಾವುದು, ಅದನ್ನು ಪರೀಕ್ಷಿಸಿದವರು ಯಾರು ಎಂದು ಕೇಳುವ ಹಕ್ಕು ನಮಗಿದೆ.

ಸುರಕ್ಷಿತ ಎನ್ನುವ ಪರೀಕ್ಷೆಗೂ ಇದೇ ಬಗೆಯ ಪ್ರಶ್ನೆಯಿದೆ. ಹಾರ್ಮೋನಿನ ಪರಿಣಾಮವಿಲ್ಲ ಎಂದು ಹೇಳಬೇಕಾದರೆ, ಬಳಸಿದ ಪ್ರಾಣಿ ಹಾರ್ಮೋನಿಗೆ ಸ್ಪಂದಿಸುವಂಥದ್ದೇ ಎಂದು ಮೊದಲು ತೋರಿಸಬೇಕು. ಅದಕ್ಕಾಗಿ ಒಂದು ಗುಂಪಿಗೆ ಗೊತ್ತಿರುವ ಈಸ್ಟ್ರೋಜನ್ನನ್ನೇ ಕೊಟ್ಟು ನೋಡಬೇಕು. ಇದು ಪಾಸಿಟಿವ್ ಕಂಟ್ರೋಲ್. ಬ್ಯಾಟರಿ ಸತ್ತ ಹೊಗೆ-ಎಚ್ಚರಿಕೆ ಯಂತ್ರ ಕೂಗಲಿಲ್ಲವೆಂದು ಮನೆಯಲ್ಲಿ ಬೆಂಕಿಯಿಲ್ಲ ಎನ್ನಲಾಗದು. ಬಿಸ್ಫಿನಾಲ್ ಎ ಬಗ್ಗೆ 2004ರ ಡಿಸೆಂಬರ್‌ವರೆಗೆ ಪ್ರಕಟವಾಗಿದ್ದ, ಕಡಿಮೆ ಪ್ರಮಾಣದ 115 ಪ್ರಾಣಿ ಅಧ್ಯಯನಗಳನ್ನು ಸಂಶೋಧಕರಾದ ಫ್ರೆಡರಿಕ್ ವೊಮ್ ಸಾಲ್ ಮತ್ತು ಕ್ಲಾಡ್ ಹ್ಯೂಸ್ ಒಟ್ಟಿಗಿಟ್ಟು ನೋಡಿದಾಗ, 94ರಲ್ಲಿ ಪರಿಣಾಮ ಕಂಡಿತ್ತು. ಉದ್ಯಮದ ಹಣದಿಂದ ನಡೆದ ಒಂದರಲ್ಲೂ ಕಂಡಿರಲಿಲ್ಲ. ಹಣ ಕೊಟ್ಟವರು ಯಾರು ಎಂಬುದು ಮುಖ್ಯ, ಆದರೆ ಆ ಪರಿಶೀಲನೆಯಲ್ಲಿ ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿತ್ತು: ಪರಿಣಾಮ ಕಾಣದ ಅಧ್ಯಯನಗಳಲ್ಲಿ ಹಲವು ಈಸ್ಟ್ರೋಜನ್ನಿಗೆ ಅಷ್ಟಾಗಿ ಸ್ಪಂದಿಸದ ಇಲಿಯ ತಳಿಯನ್ನು ಬಳಸಿದ್ದವು. ಇಲಿಗೆ ಹಾಕುವ ಮೇವೂ ಗಮನಿಸಬೇಕಾದದ್ದೇ. ಸೋಯಾ ಹೆಚ್ಚಿರುವ ಮೇವಿನಲ್ಲಿ ಸಸ್ಯಜನ್ಯ ಈಸ್ಟ್ರೋಜನ್ ಇರುತ್ತದೆ. ಹಾಗಾದರೆ ಏನನ್ನೂ ಕೊಡದ ಗುಂಪು ನಿಜವಾಗಿ ಏನನ್ನೂ ತಿನ್ನದ ಗುಂಪಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ತಟ್ಟೆಯಲ್ಲಿ ಕಂಡ ಪ್ರತಿ ಪರಿಣಾಮವೂ ದೇಹದಲ್ಲಿ ಹಾನಿಯಾಗುತ್ತದೆ ಎಂದು ನಾನು ವಾದಿಸುತ್ತಿಲ್ಲ. ಜೀವಕೋಶದ ಪರೀಕ್ಷೆಗೆ ಕರುಳಿಲ್ಲ, ಯಕೃತ್ತಿಲ್ಲ, ಚರ್ಮವಿಲ್ಲ. ದೇಹದಲ್ಲಿ ಒಂದು ವಸ್ತು ಒಡೆದು ನಿರುಪದ್ರವಿಯಾಗಬಹುದು, ಅಥವಾ ಒಡೆದ ಮೇಲೆಯೇ ವಿಷವಾಗಬಹುದು; ಬ್ರೂಸ್ ಏಮ್ಸ್ ಬ್ಯಾಕ್ಟೀರಿಯಾ ಬಳಸಿ ರೂಪಿಸಿದ ಪ್ರಸಿದ್ಧ ಜೀನ್ ಹಾನಿ ಪರೀಕ್ಷೆಯಲ್ಲಿ ಇಲಿಯ ಯಕೃತ್ತಿನ ಸಾರವನ್ನು ಬೆರೆಸುವುದು ಈ ಕಾರಣಕ್ಕೇ. ಲ್ಯಾವೆಂಡರ್ ಎಣ್ಣೆಯ ವಿಷಯ ಇಲ್ಲಿ ಪಾಠದಂತಿದೆ. ಲ್ಯಾವೆಂಡರ್ ಮತ್ತು ಟೀ ಟ್ರೀ ಎಣ್ಣೆಗಳಿದ್ದ ಉತ್ಪನ್ನಗಳನ್ನು ಬಳಸಿದ ಮೂವರು ಹುಡುಗರಲ್ಲಿ ಸ್ತನ ಬೆಳವಣಿಗೆ ಕಂಡದ್ದನ್ನೂ, ಆ ಎಣ್ಣೆಗಳು ಜೀವಕೋಶಗಳಲ್ಲಿ ದುರ್ಬಲ ಈಸ್ಟ್ರೋಜನ್ನಿನಂತೆ ವರ್ತಿಸಿದ್ದನ್ನೂ 2007ರಲ್ಲಿ ಒಂದು ವರದಿ ಹೇಳಿತು. ಮುಂದೆ, ಎಳೆಯ ಹೆಣ್ಣಿಲಿಗಳ ಗರ್ಭಕೋಶದ ತೂಕ ಹೆಚ್ಚುತ್ತದೆಯೇ ಎಂದು ಅಳೆಯುವ ಪರೀಕ್ಷೆಯಲ್ಲಿ ಲ್ಯಾವೆಂಡರ್ ಎಣ್ಣೆಗೆ ಅಂಥ ಪರಿಣಾಮ ಕಾಣಲಿಲ್ಲ. ಇವೆರಡರಲ್ಲಿ ಒಂದನ್ನು ಸುಳ್ಳೆನ್ನಬೇಕಾಗಿಲ್ಲ. ಮೊದಲನೆಯದು ಒಂದು ಅನುಮಾನವನ್ನು ಎತ್ತಿತು, ಎರಡನೆಯದು ಆ ಅನುಮಾನದ ಒಂದು ಭಾಗವನ್ನು ಇಳಿಸಿತು. ಆದರೆ ಎರಡನೆಯದು ಯಾವ ತಲೆಬರಹಕ್ಕೂ ಏರದೆ ಉಳಿದರೆ ಓದುಗರಿಗೆ ಆಗುವುದು ಅನ್ಯಾಯವೇ.

ಆಹಾರ ಪೂರಕಗಳ (ಸಪ್ಲಿಮೆಂಟುಗಳ) ವಿಷಯದಲ್ಲಿ ನನ್ನ ಆತಂಕ ಇನ್ನೂ ಹೆಚ್ಚು. ಪ್ರಾಸ್ಟೇಟ್ ಕ್ಯಾನ್ಸರ್ ಇರುವವರು 1990ರ ದಶಕದಲ್ಲಿ ಅಮೆರಿಕದಲ್ಲಿ ಪಿಸಿ-ಸ್ಪೆಸ್ ಎಂಬ ಗಿಡಮೂಲಿಕೆಯ ಮಾತ್ರೆ ಕೊಂಡು ನುಂಗುತ್ತಿದ್ದರು. 1998ರಲ್ಲಿ ಸಂಶೋಧಕರು ಅದನ್ನು ಯೀಸ್ಟಿನಲ್ಲೂ ಇಲಿಗಳಲ್ಲೂ ಪರೀಕ್ಷಿಸಿ, ಅದರಲ್ಲಿ ಈಸ್ಟ್ರೋಜನ್ನಿನ ಗುಣ ಬಲವಾಗಿದೆ ಎಂದು ತೋರಿಸಿದರು. ಆಗ ಅದು ಮೂಲಿಕೆಗಳ ಗುಣವೆಂದೇ ಕಂಡಿತು. 2002ರ ಹೊತ್ತಿಗೆ, ಬೇರೆ ಬೇರೆ ವರ್ಷಗಳಲ್ಲಿ ತಯಾರಾದ ಕಂತುಗಳನ್ನು (ಬ್ಯಾಚುಗಳನ್ನು) ರಾಸಾಯನಿಕವಾಗಿ ವಿಶ್ಲೇಷಿಸಿದಾಗ, ಅವುಗಳಲ್ಲಿ ಡಿಇಎಸ್ ಎಂಬ ಕೃತಕ ಈಸ್ಟ್ರೋಜನ್, ಇಂಡೊಮೆಥಾಸಿನ್ ಎಂಬ ನೋವಿನ ಔಷಧ, ವಾರ್ಫರಿನ್ ಎಂಬ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಸಿಕ್ಕವು; ಅದೂ ಕಂತಿನಿಂದ ಕಂತಿಗೆ ಬೇರೆ ಬೇರೆ ಪ್ರಮಾಣದಲ್ಲಿ. ಡಿಇಎಸ್ ಸಾಮಾನ್ಯ ವಸ್ತುವಲ್ಲ. ಗರ್ಭಿಣಿಯರಿಗೆ ದಶಕಗಳ ಕಾಲ ಕೊಟ್ಟ ಈ ಔಷಧಕ್ಕೂ ಅವರ ಹೆಣ್ಣುಮಕ್ಕಳಲ್ಲಿ ಕಂಡ ಅಪರೂಪದ ಯೋನಿ ಕ್ಯಾನ್ಸರಿಗೂ ಇರುವ ನಂಟು 1971ರಲ್ಲೇ ಬಯಲಾಗಿತ್ತು. ಯೀಸ್ಟ್ ಮತ್ತು ಇಲಿಗಳ ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ಹಾರ್ಮೋನಿನಂಥದ್ದೇನೋ ಇದೆ ಎಂದಷ್ಟೇ ಅದು ಹೇಳಬಲ್ಲದು, ಅದು ಗಿಡದಿಂದ ಬಂತೋ ಕಾರ್ಖಾನೆಯಲ್ಲಿ ಬೆರೆಯಿತೋ ಎಂದು ಹೇಳಲಾರದು. ಜೈವಿಕ ಪರೀಕ್ಷೆ ಮತ್ತು ರಾಸಾಯನಿಕ ವಿಶ್ಲೇಷಣೆ ಎರಡೂ, ಒಂದಲ್ಲ ಹಲವು ಕಂತುಗಳ ಮೇಲೆ, ಒಟ್ಟಿಗೆ ನಡೆಯಬೇಕಾದದ್ದು ಇದಕ್ಕಾಗಿ.

ಆದರೂ ಪೂರಕದ ಡಬ್ಬಿಯ ಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ ಎಂದು ಅಚ್ಚಾದಾಗ ಅದು ಸಾಮಾನ್ಯವಾಗಿ ಹೇಳುವುದು ಘಟಕದ ಗುರುತು, ಸೀಸ ಮತ್ತು ಪಾದರಸದಂಥ ಭಾರಲೋಹಗಳು, ಸೂಕ್ಷ್ಮಜೀವಿಗಳು ಇವುಗಳ ಬಗ್ಗೆ. ಅವೆಲ್ಲ ಬೇಕಾದ ಪರೀಕ್ಷೆಗಳೇ. ಆದರೆ ಹಾರ್ಮೋನಿನ ರಿಸೆಪ್ಟರನ್ನು, ಅಂದರೆ ಜೀವಕೋಶದಲ್ಲಿ ಹಾರ್ಮೋನು ಅಂಟಿಕೊಳ್ಳುವ ಭಾಗವನ್ನು, ಆ ಪುಡಿ ಕೆಣಕುತ್ತದೆಯೇ, ಥೈರಾಯ್ಡ್ ಕೆಲಸವನ್ನು ತಡೆಯುತ್ತದೆಯೇ ಎಂಬುದಕ್ಕೆ ಅವು ಉತ್ತರವಲ್ಲ. ಈಸ್ಟ್ರೋಜನ್ ರಿಸೆಪ್ಟರಿನ ಪರೀಕ್ಷೆಗೂ, ಹಾರ್ಮೋನು ತಯಾರಿಕೆಗೆ ಅಡ್ಡಿಯಾಗುತ್ತದೆಯೇ ಎಂದು ನೋಡುವ ಪರೀಕ್ಷೆಗೂ ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿ ಒಪ್ಪಿದ ಮಾರ್ಗಸೂಚಿಗಳು ಈಗಾಗಲೇ ಇವೆ. ವಿಧಾನ ಇಲ್ಲವೆಂಬ ನೆಪ ಸಲ್ಲದು.

ಹಾಗಾಗಿ ನನ್ನ ಒತ್ತಾಯ ಇಷ್ಟು. ಮಾರಾಟಕ್ಕೆ ಬರುವ ರೂಪದಲ್ಲೇ, ಎಲ್ಲ ಘಟಕಗಳೂ ಬೆರೆತ ಸ್ಥಿತಿಯಲ್ಲಿ, ಅಂಗಡಿಯಿಂದ ಎತ್ತಿದ ಕಂತುಗಳ ಮೇಲೆ ಪರೀಕ್ಷೆ ನಡೆಯಲಿ. ವರದಿಯಲ್ಲಿ ಎರಡೂ ಬಗೆಯ ಕಂಟ್ರೋಲುಗಳ ಅಂಕಿಗಳು, ಪ್ರಾಣಿಯ ತಳಿ, ಮೇವು, ಪಂಜರ, ಕೊಟ್ಟ ಪ್ರಮಾಣ, ಹಣದ ಮೂಲ ಇರಲಿ, ಮೂಲ ದತ್ತಾಂಶ ಎಲ್ಲರಿಗೂ ತೆರೆದಿರಲಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಬಿಸ್ಫಿನಾಲ್ ಎ ಸೇವನೆಯ ಸುರಕ್ಷಿತ ಮಿತಿಯನ್ನು ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 4 ಮೈಕ್ರೊಗ್ರಾಮಿನಿಂದ 0.2 ನ್ಯಾನೊಗ್ರಾಮಿಗೆ, ಅಂದರೆ 20,000 ಪಟ್ಟು, ಇಳಿಸಿದಾಗ, ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 200 ನ್ಯಾನೊಗ್ರಾಮ್ ಸಾಕೆಂದು ಬಹಿರಂಗವಾಗಿಯೇ ಭಿನ್ನಮತ ಹೇಳಿತು. ಎರಡೂ ಕಡೆಯ ಲೆಕ್ಕ ಕಣ್ಣೆದುರಿಗಿದ್ದುದರಿಂದ, ಇಬ್ಬರೂ ಯಾವ ಅಧ್ಯಯನವನ್ನು ನೆಚ್ಚಿದರು, ಯಾವುದನ್ನು ಬಿಟ್ಟರು ಎಂದು ಹೊರಗಿನವರೂ ತಾಳೆ ನೋಡಬಹುದಾಯಿತು. ಪೂರಕಗಳ ತಯಾರಕರಿಂದಲೂ ಸೌಂದರ್ಯವರ್ಧಕಗಳ ತಯಾರಕರಿಂದಲೂ ನಾನು ಕೇಳುತ್ತಿರುವುದು ಅಷ್ಟೇ ತೆರೆದ ಲೆಕ್ಕವನ್ನು.