ದಡಾರ ಲಸಿಕೆಯ ಸಂದೇಶದ ಕುರಿತು ಸ್ಪಷ್ಟನೆ

‘ದಡಾರ ಬಂದ ಮಕ್ಕಳಲ್ಲಿ ಹೆಚ್ಚಿನವರು ಲಸಿಕೆ ಪಡೆದವರೇ, ಆದ್ದರಿಂದ ಲಸಿಕೆ ವ್ಯರ್ಥ’ ಎಂಬ ಸಂದೇಶ ರಾಯಚೂರು ಭಾಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದರ ತೀರ್ಮಾನ ತಪ್ಪು. ಸಾಂಕ್ರಾಮಿಕ ರೋಗಶಾಸ್ತ್ರಜ್ಞರು ರೋಗಿಗಳನ್ನಷ್ಟೇ ಎಣಿಸುವುದಿಲ್ಲ, ಎಷ್ಟು ಮಕ್ಕಳ ಪೈಕಿ ಎಂಬುದನ್ನೂ ನೋಡುತ್ತಾರೆ. ಊರಿನ 100 ಮಕ್ಕಳಲ್ಲಿ 90 ಮಂದಿ ಒಂದು ಡೋಸ್ ಪಡೆದಿದ್ದಾರೆಂದು ಭಾವಿಸಿ: ಒಂಬತ್ತು ತಿಂಗಳಿಗೆ ಕೊಡುವ ಆ ಡೋಸ್ ಸುಮಾರು ಶೇ 85ರಷ್ಟು ರಕ್ಷಣೆ ನೀಡುವುದರಿಂದ, ಸೋಂಕು ಊರೆಲ್ಲ ಹಬ್ಬಿದರೂ ಅವರಲ್ಲಿ 13–14 ಮಂದಿಗೆ ತಗುಲಬಹುದು, ಲಸಿಕೆಯಿಲ್ಲದ ಹತ್ತು ಮಕ್ಕಳಲ್ಲಿ ಬಹುತೇಕ ಎಲ್ಲರಿಗೂ ತಗುಲುತ್ತದೆ. ರೋಗಿಗಳ ಪಟ್ಟಿಯಲ್ಲಿ ಲಸಿಕೆ ಪಡೆದವರೇ ಹೆಚ್ಚು ಕಂಡರೂ, ಉಳಿದ ಸುಮಾರು 76 ಮಕ್ಕಳನ್ನು ಕಾಪಾಡಿದ್ದು ಅದೇ ಲಸಿಕೆ. ಈ ಕೊರತೆಯನ್ನು ತುಂಬಲೆಂದೇ 16–24 ತಿಂಗಳಲ್ಲಿ ಎರಡನೇ ಡೋಸ್ ಇದೆ. ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಅದು ತಪ್ಪಬಹುದೆಂಬುದೇ ನನ್ನ ಚಿಂತೆ. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ತಾಯಿ ಕಾರ್ಡ್ ತೆರೆದು ಎರಡನೇ ಡೋಸ್ ಆಗಿದೆಯೇ ನೋಡಿ.