ಲ್ಯಾಪ್‌ಟಾಪ್ ಬ್ಯಾಗು

ಊರಲ್ಲಿರೋ ನಮ್ಮ ಚಿಕ್ಕಪ್ಪನ ಹತ್ರ ಲ್ಯಾಪ್‌ಟಾಪ್ ಬ್ಯಾಗಿದೆ, ಲ್ಯಾಪ್‌ಟಾಪ್ ಇಲ್ಲ. ಕರೀ ಬ್ಯಾಗು, ಜಿಪ್ಪು ಕಿತ್ತೋಗಿ ಪಿನ್ನು ಬಂದಿದೆ, ಸ್ಪಂಜಿನ ಖಾನೆಯಲ್ಲಿ ಪಹಣಿ, ಆಧಾರು, ಪಾಸ್‌ಬುಕ್ಕು, ಮೌಸಿಡೋ ಜೇಬಲ್ಲಿ ಎಲೆ ಅಡಿಕೆ ಸುಣ್ಣದ ಡಬ್ಬಿ.

2017-18ರ ರಾಷ್ಟ್ರೀಯ ಸ್ಯಾಂಪಲ್ ಸರ್ವೇಲಿ ಕಂಪ್ಯೂಟರ್ ಇರೋ ಮನೆ ಹಳ್ಳೀಲಿ ನೂರಕ್ಕೆ 4.4, ಪೇಟೇಲಿ 23.4. ಇದನ್ನ ನೋಡಿದ ತಕ್ಷಣ ಎಲ್ರೂ ಹೇಳೋದು, ಓದಿದೋರ ಮನೇಲಿ ಕಂಪ್ಯೂಟರ್ ಇರುತ್ತೆ ಬಿಡಿ ಅಂತ. ಸರಿನೇ, ಆದ್ರೆ ನಮ್ಮ ಕಡೆ ಮೊದ್ಲು ಸೀಟು, ಆಮೇಲೆ ಲ್ಯಾಪ್‌ಟಾಪು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಚಿಕ್ಕಪ್ಪ, ಮಗನಿಗೆ ಸಿಇಟೀಲಿ ಇಂಜಿನಿಯರಿಂಗ್ ಸಿಕ್ತು ಅಂತ ಆ ವರ್ಷದ ಅಡಿಕೆ ದುಡ್ಡಲ್ಲಿ ತಗೊಂಡ್ರು, ಅರಿಶಿನ ಕುಂಕುಮ ಹಚ್ಚಿದ್ರು, ಹನ್ನೊಂದು ದಿನ ಮನೇಲಿತ್ತು ಅಷ್ಟೆ, ಹನ್ನೆರಡನೇ ದಿನ ಹಾಸ್ಟೆಲ್ಲಿಗೆ ಹೋಯ್ತು. ಇಂಥ ಸರ್ವೇಗಳಲ್ಲಿ ಹಾಸ್ಟೆಲ್ಲಲ್ಲಿರೋ ಹುಡುಗ ಒಬ್ನೇ ಒಂದು ಮನೆ ಅಂತ ಲೆಕ್ಕ! ಅಂದ್ರೆ ದುಡ್ಡು ಹೋಗಿದ್ದು ತೋಟದ್ದು, ಟಿಕ್ಕು ಬೀಳೋದು ಪೇಟೆ ಕಡೆ. ಮುಂದೆ ಅವನಿಗೆ ಕಂಪನಿ ಹೊಸ ಬ್ಯಾಗು ಕೊಡ್ತು, ಹಳೇದು ಊರಿಗೆ ಬಂತು.

ಹಾಗಂತ ಚಿಕ್ಕಪ್ಪಂಗೆ ಕಂಪ್ಯೂಟರ್ ಗೊತ್ತಿಲ್ಲ ಅನ್ನಂಗಿಲ್ಲ. ನಾವು ಕಾಲೇಜು ಲ್ಯಾಬಲ್ಲಿ ಚಪ್ಪಲಿ ಬಿಟ್ಟು, ಮೂರು ಜನಕ್ಕೊಂದು ಮಾನಿಟರ್ ಅಂತ ಕೂತು ಪೇಂಟಲ್ಲಿ ಗೆರೆ ಎಳೀತಿದ್ವಿ ನೋಡಿ, ಅದೇ ಕಾಲಕ್ಕೆ ಭೂಮಿ ಯೋಜನೆ ಬಂದು ತಾಲ್ಲೂಕು ಆಫೀಸಲ್ಲಿ ಹದಿನೈದು ರೂಪಾಯಿಗೆ ಕಂಪ್ಯೂಟರ್ ಪಹಣಿ ಕೊಡೋಕೆ ಶುರು ಮಾಡಿದ್ರು. ಅಲ್ಲೀವರೆಗೆ ಕೈಬರಹದ ಪಹಣೀಲಿ ತನ್ನ ಹೆಸರು ಯಾವ್ದು ಅಂತ ಇನ್ನೊಬ್ಬರನ್ನ ಕೇಳಬೇಕಿತ್ತಂತೆ, ಪ್ರಿಂಟಲ್ಲಿ ತಾನೇ ಓದ್ಕೊಂಡ್ರು. ಈಗ ಅಡಿಕೆ ರೇಟು, ಮಳೆ, ಮೊಮ್ಮಗಳ ವಿಡಿಯೋ ಎಲ್ಲಾ ಮೊಬೈಲಲ್ಲೇ. ಸರ್ವೆಯೋರಿಗೆ ಟ್ಯಾಬ್ಲೆಟ್ ಆದ್ರೆ ಕಂಪ್ಯೂಟರ್, ಮೊಬೈಲ್ ಆದ್ರೆ ಅಲ್ಲ, ಅದು ಮುಖ್ಯವಾಗಿ ಫೋನ್ ಮಾಡೋಕೆ ಇರೋದಂತೆ. ಚಿಕ್ಕಪ್ಪ ಅದ್ರಲ್ಲಿ ಮಾತಾಡೋದೇ ಕಮ್ಮಿ. ಆದ್ರೂ ಒಪ್ತೀನಿ, ಮಗ ಬರೆಯೋ ಪ್ರೋಗ್ರಾಂ ಆ ಪುಟ್ಟ ಪರದೇಲಿ ಬರೆಯಕ್ಕಾಗಲ್ಲ, ಅಷ್ಟು ವ್ಯತ್ಯಾಸ ಇದ್ದೇ ಇದೆ.

2020ರಲ್ಲಿ ಲಾಕ್‌ಡೌನ್ ಆಗಿ ಮಗ ಮನೆಗೆ ಬಂದ, ಹಿಂದೇನೇ ಲ್ಯಾಪ್‌ಟಾಪೂ ಬಂತು. ಕೊಟ್ಟಿಗೆ ಅಟ್ಟದ ಮೇಲೆ ಮಾತ್ರ ನೆಟ್‌ವರ್ಕು, ಅಲ್ಲೇ ಅವನ ಆಫೀಸು, ಕೆಳಗೆ ಎಮ್ಮೆ ಕೂಗಿದ್ರೆ ಮೀಟಿಂಗಲ್ಲಿ ಎಲ್ರೂ ನಗೋರಂತೆ. ಎರಡು ವರ್ಷ ನಮ್ಮ ಚಿಕ್ಕಪ್ಪಂದೂ ಕಂಪ್ಯೂಟರ್ ಇರೋ ಮನೆ, ಆದ್ರೆ ಆಗ ಯಾವ ಸರ್ವೆಯೋರೂ ಆ ಕಡೆ ಬರ್ಲಿಲ್ಲ. ಆಮೇಲೆ ಆಫೀಸಿಗೆ ಕರೆದ್ರು, ಹೋದ, ಗಡಿಬಿಡೀಲಿ ಚಾರ್ಜರ್ ಬಿಟ್ಟೋದ. ಚಿಕ್ಕಪ್ಪ ಅದನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಸಣಬಿನ ದಾರದಲ್ಲಿ ಕಟ್ಟಿ, ರಾತ್ರಿ ಬಸ್ಸಿನ ಡ್ರೈವರ್ ಕೈಗೆ ಕೊಟ್ರು. ಆ ಬ್ಯಾಗಲ್ಲೇ ಹಾಕಿ ಕಳಿಸಬಾರ್ದಿತ್ತಾ ಅಂದೆ. "ಅಯ್ಯೋ, ಪಹಣಿ ಎಲ್ಲಿಡ್ಲಿ ಮತ್ತೆ" ಅಂದ್ರು.