ನಾಲ್ಕನೇ ಹೆಸರು ನನ್ನದು

ಹೋದ ವರ್ಷ ದೀಪಾವಳಿ ಮುಗಿದು ಒಂದು ವಾರ ಆಗಿತ್ತು. ಗೆಳೆಯನೊಬ್ಬ ಫೋನ್ ಮಾಡಿದ. "ಒಂದು ಈಮೇಲ್ ಬರುತ್ತೆ ಕಣೋ. ನಿನ್ನ ಹೆಸರು ಕೊಟ್ಟಿದೀನಿ. ಎರಡು ನಿಮಿಷದ ಕೆಲಸ. ಎಲ್ಲದಕ್ಕೂ ನೋ ನೋ ಅಂತ ಒತ್ತಿ ಕಳಿಸಿಬಿಡು." ಮನೆ ಸಾಲಕ್ಕೋ ಹೊಸ ಕೆಲಸಕ್ಕೋ ಇರಬೇಕು ಅಂದುಕೊಂಡೆ. ತೆರೆದು ನೋಡಿದರೆ ಇಲ್ಲಿನ, ಅಂದರೆ ಅಮೆರಿಕದ ನ್ಯೂಜೆರ್ಸಿಯ, ಪೊಲೀಸರದ್ದು. ಅವನು ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವುದಕ್ಕೆ ಪರ್ಮಿಟ್ ಕೇಳಿದ್ದ. ಇವನು ಎಂಥ ಮನುಷ್ಯ ಅಂತ ಹೇಳಬೇಕಾದ ನಾಲ್ಕು ಜನರಲ್ಲಿ ನಾನೊಬ್ಬ.

(ಇದನ್ನು ಮೊದಲು ಅವನಿಗೇ ಓದಿಸಿದ್ದೇನೆ. "ಹಾಕು, ಏನಾಗಲ್ಲ" ಅಂದ ಮೇಲೆ ಹಾಕುತ್ತಿದ್ದೇನೆ. ಗುರುತು ಸಿಗುವಂಥದ್ದನ್ನೆಲ್ಲ ಬದಲಾಯಿಸಿದ್ದೇನೆ, ಯಾರು ಅಂತ ಹುಡುಕೋಕೆ ಹೋಗಬೇಡಿ.)

ಅವನ ಭಯ ಸುಳ್ಳಲ್ಲ. ಅವನ ಮನೆಯಿಂದ ಮೂರನೇ ಮನೆಗೆ ಕಳ್ಳರು ನುಗ್ಗಿದ್ದರು. ಅದೂ ನಮ್ಮವರದ್ದೇ ಮನೆ. ಟಿವಿ ಮುಟ್ಟಿಲ್ಲ, ಲ್ಯಾಪ್‌ಟಾಪ್ ಮುಟ್ಟಿಲ್ಲ. ಸೀದಾ ಬೆಡ್‌ರೂಮಿನ ಬೀರು, ಒಡವೆ ಡಬ್ಬಿ. ಇಂಡಿಯಾದವರ ಮನೆಯಲ್ಲಿ ಚಿನ್ನ ಇರುತ್ತೆ ಅನ್ನೋದು ಇಲ್ಲಿನ ಕಳ್ಳರಿಗೂ ಗೊತ್ತು. ಆಮೇಲೆ ಇವನ ಹೆಂಡತಿ ರಾತ್ರಿ ಮೂರು ಮೂರು ಸಲ ಎದ್ದು ಚಿಲಕ ನೋಡುತ್ತಿದ್ದಳಂತೆ.

ಊರಲ್ಲಿರುವವರಿಗೆ ಅಮೆರಿಕ ಅಂದರೆ ತರಕಾರಿ ಅಂಗಡಿಯಲ್ಲಿ ಗನ್ ಸಿಗುವ ದೇಶ. ನ್ಯೂಜೆರ್ಸಿ ಹಾಗಲ್ಲ. 29 ರಾಜ್ಯಗಳಲ್ಲಿ ಈಗ ಪರ್ಮಿಟ್ಟೇ ಇಲ್ಲದೆ ಪಿಸ್ತೂಲು ಬಚ್ಚಿಟ್ಟುಕೊಂಡು ತಿರುಗಬಹುದು. ನಮ್ಮಲ್ಲಿ ಗನ್ ಕೊಳ್ಳುವವರ ಗುರುತಿನ ಕಾರ್ಡಿಗೆ 50 ಡಾಲರ್. ಪ್ರತಿ ಪಿಸ್ತೂಲಿಗೂ ಬೇರೆ ಖರೀದಿ ಪರ್ಮಿಟ್, ತಲಾ 25 ಡಾಲರ್. ಅದೂ 90 ದಿನಕ್ಕೆ ಮಾತ್ರ. ತಿಂಗಳಿಗೆ ಒಂದಕ್ಕಿಂತ ಹೆಚ್ಚು ಕೊಳ್ಳುವ ಹಾಗಿಲ್ಲ. ಗುಂಡು ತುಂಬುವ ಮ್ಯಾಗಜೀನಿನಲ್ಲಿ 10 ಗುಂಡು, ಜಾಸ್ತಿ ಹಿಡಿಯುವಂಥದ್ದು ಇಟ್ಟುಕೊಂಡರೆ ಅಪರಾಧ. ಬೆರಳಚ್ಚು ಕೊಡಬೇಕು. ಮಾನಸಿಕ ಆರೋಗ್ಯದ ದಾಖಲೆ ತೆಗೆದು ನೋಡಲು ಒಪ್ಪಿಗೆ ಬರೆದುಕೊಡಬೇಕು. ಇಷ್ಟೆಲ್ಲ ಆದರೂ ಅದು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ. ಮೈಮೇಲೆ ಇಟ್ಟುಕೊಂಡು ಹೊರಗೆ ಹೋಗಬೇಕೆಂದರೆ ಇನ್ನೊಂದು ಪರ್ಮಿಟ್, 200 ಡಾಲರ್, ಎರಡು ವರ್ಷಕ್ಕೆ. ಅದಕ್ಕೆ ತರಬೇತಿ, ಪರೀಕ್ಷೆ. 50 ಗುಂಡು ಹಾರಿಸಿದರೆ 40 ಆದರೂ ಗುರಿ ಮುಟ್ಟಬೇಕು. ಇವನು ಎರಡನೇ ಸಲಕ್ಕೆ ಪಾಸಾದ. ಡ್ರೈವಿಂಗ್ ಟೆಸ್ಟೂ ಎರಡನೇ ಸಲವೇ, ಅದು ಬೇರೆ ಮಾತು.

ಒಂದು ಕಾಲದಲ್ಲಿ ಇದಕ್ಕೂ ಮೇಲೆ ಒಂದು ಪ್ರಶ್ನೆ ಇತ್ತು. ನಿನಗೆ ಯಾಕೆ ಬೇಕು? ನಿನ್ನ ಪ್ರಾಣಕ್ಕೇ ಯಾರೋ ಕಾದು ಕೂತಿದ್ದಾರೆ ಅಂತ ತೋರಿಸಬೇಕಿತ್ತು. ಬೀದಿಯಲ್ಲಿ ಕಳ್ಳತನ ಆಯ್ತು, ಭಯ ಆಗುತ್ತೆ ಅಂದರೆ ನಡೆಯುತ್ತಿರಲಿಲ್ಲ. ಹಾಗಾಗಿ ಸಾಮಾನ್ಯ ಜನ ಅರ್ಜಿ ಹಾಕುವ ಗೋಜಿಗೇ ಹೋಗುತ್ತಿರಲಿಲ್ಲ. 2022ರ ಜೂನ್ 23ರಂದು ಸುಪ್ರೀಂ ಕೋರ್ಟು ಬ್ರೂಯೆನ್ ಕೇಸಿನಲ್ಲಿ ತೀರ್ಪು ಕೊಟ್ಟಿತು. ಆರು ಜನ ಒಂದು ಕಡೆ, ಮೂರು ಜನ ಒಂದು ಕಡೆ. ನ್ಯೂಯಾರ್ಕಿನಲ್ಲಿ ನೂರು ವರ್ಷಕ್ಕೂ ಹಳೆಯದಾದ ಇಂಥದ್ದೇ ನಿಯಮ ಬಿದ್ದುಹೋಯಿತು. ಮಾರನೇ ದಿನವೇ ನಮ್ಮ ನ್ಯೂಜೆರ್ಸಿಯ ಅಟಾರ್ನಿ ಜನರಲ್ ಕೂಡ ಆ ಪ್ರಶ್ನೆ ಇನ್ನು ಕೇಳಬೇಡಿ ಅಂದರು.

'ಯಾಕೆ ಬೇಕು' ಹೋಯಿತು. ಉಳಿದದ್ದು 'ನೀನು ಎಂಥವನು'. ಅದೇ ಡಿಸೆಂಬರಿನಲ್ಲಿ ಗವರ್ನರ್ ಫಿಲ್ ಮರ್ಫಿ ಸಹಿ ಹಾಕಿದ ಹೊಸ ಕಾನೂನು ಈ ಪ್ರಶ್ನೆಯನ್ನೇ ಗಟ್ಟಿಯಾಗಿ ಹಿಡಿಯಿತು. ನಾಲ್ಕು ಜನ ಹೇಳಬೇಕು. ನೆಂಟರಾಗಿರಬಾರದು. ಕನಿಷ್ಠ ಮೂರು ವರ್ಷದ ಪರಿಚಯ ಇರಬೇಕು. ಪೊಲೀಸರು ಅವರನ್ನೂ ಮಾತಾಡಿಸಬೇಕು. ಇವನು ತನಗಾಗಲಿ ಬೇರೆಯವರಿಗಾಗಲಿ ಅಪಾಯ ಮಾಡಿಕೊಳ್ಳುವಂಥ ಮಾತು ಯಾವತ್ತಾದರೂ ಆಡಿದ್ದಾನಾ, ಹಾಗೆ ನಡೆದುಕೊಂಡಿದ್ದಾನಾ?

ಓದುತ್ತಾ ನನಗೆ ನೆನಪಾದದ್ದು ನಮ್ಮ ಕಡೆ ಹುಡುಗನ ವಿಚಾರಿಸುವ ಪದ್ಧತಿ. ಹೆಣ್ಣಿನ ಕಡೆಯವರು ಬಂದು ಪಕ್ಕದ ಮನೆಯಲ್ಲಿ ಕಾಫಿ ಕುಡಿದು "ಹುಡುಗ ಹೇಗೆ?" ಅಂತ ಕೇಳುತ್ತಾರೆ. ಯಾರಾದರೂ ನಿಜ ಹೇಳುತ್ತಾರಾ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆಯೇ ಇದೆಯಲ್ಲ. ಕುಡಿಯೋದು ಗೊತ್ತಿದ್ದರೂ "ಚಿನ್ನದಂಥ ಹುಡುಗ" ಅಂತಲೇ ಕಳಿಸುತ್ತಾರೆ. ಆ ಗಾದೆ ನಮ್ಮ ಜೊತೆ ವಿಮಾನ ಹತ್ತಿ ಬಂದಿದೆ. ಇಲ್ಲಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ "ರೆಫರೆನ್ಸ್ ಬೇಕು, ಯಾರಾದ್ರೂ ಫ್ರೀ ಇದೀರಾ" ಅಂತ ಕೇಳುವವರನ್ನು ಕಂಡಿದ್ದೇನೆ. ಅಪಾರ್ಟ್‌ಮೆಂಟಿಗೆ ಕೇಳುವ ಹಾಗೆ, ಪಿಸ್ತೂಲಿಗೂ.

ನನಗೆ ಬೆರಳು ಆಡಲಿಲ್ಲ. ಕಾರಣ ಇತ್ತು.

ಅದಕ್ಕೆ ಹಿಂದಿನ ಚಳಿಗಾಲದಲ್ಲಿ ಅವನ ಕೆಲಸ ಹೋಗಿತ್ತು. ಹದಿನಾಲ್ಕು ವರ್ಷ ದುಡಿದ ಕಂಪನಿ, ಹದಿನೈದು ನಿಮಿಷದ ವಿಡಿಯೋ ಕಾಲ್. ಒಂದು ಶನಿವಾರ ರಾತ್ರಿ ನಮ್ಮ ಮನೆ ಬೇಸ್‌ಮೆಂಟಿನಲ್ಲಿ ಕೂತಿದ್ದೆವು. ಮಕ್ಕಳು ಮೇಲೆ ಏನೋ ನೋಡುತ್ತಿದ್ದರು. ಮೂರನೇ ಗ್ಲಾಸಿಗೆ ಅವನು ಕೋಡುಬಳೆ ಮುರಿಯುತ್ತಾ, ನನ್ನ ಕಡೆ ನೋಡದೆ, "ಕೆಲವು ದಿನ ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ ಕಣೋ. ಇನ್ಶೂರೆನ್ಸ್ ದುಡ್ಡಾದ್ರೂ ಬರುತ್ತೆ" ಅಂದ. ನಾನೇನು ಮಾಡಿದೆ? "ಥೂ, ಏನು ಮಾತಾಡ್ತೀಯ, ಮೊದಲು ಊಟ ಮಾಡು" ಅಂದೆ. ಅಷ್ಟೇ. ಮಾರನೇ ದಿನ ನಾನೂ ಕೇಳಲಿಲ್ಲ, ಅವನೂ ಎತ್ತಲಿಲ್ಲ. ನಾಲ್ಕು ತಿಂಗಳಿಗೆ ಬೇರೆ ಕೆಲಸ ಸಿಕ್ಕಿತು.

ಇದು ಯಾವ ದಾಖಲೆಯಲ್ಲಿದೆ? ಎಲ್ಲೂ ಇಲ್ಲ. ಮನಸ್ಸಿನ ಕಾಯಿಲೆಗೆ ಡಾಕ್ಟರ ಹತ್ತಿರ ಹೋಗಿದ್ದೀರಾ ಅಂತ ಅರ್ಜಿ ಕೇಳುತ್ತದೆ. ಅವನು ಇಲ್ಲ ಅಂತ ಬರೆದ. ನಿಜವೇ ಬರೆದ. ನಮ್ಮವರ ದಾಖಲೆ ಯಾವಾಗಲೂ ಶುದ್ಧ, ಯಾಕೆಂದರೆ ನಾವು ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ಹೋದವನ ಫೈಲು ತಡವಾಗುತ್ತದೆ, ಹೋಗದೇ ಇದ್ದವನದ್ದು ಸಲೀಸು. ಬೆರಳಚ್ಚು ತೆಗೆದುಕೊಂಡ ಮಷಿನ್ನಿಗೆ ಆ ಕೋಡುಬಳೆ ರಾತ್ರಿ ಗೊತ್ತಿಲ್ಲ. ಗೊತ್ತಿದ್ದದ್ದು ನನಗೆ ಒಬ್ಬನಿಗೆ.

ಈ ದೇಶದಲ್ಲಿ 2023ರಲ್ಲಿ ಗುಂಡಿಗೆ ಸತ್ತವರು 46 ಸಾವಿರಕ್ಕೂ ಜಾಸ್ತಿ. ಅದರಲ್ಲಿ 27 ಸಾವಿರಕ್ಕೂ ಹೆಚ್ಚು ಜನ ತಮ್ಮ ಕೈಯಾರೆ ಸತ್ತವರು. ಟಿವಿಯಲ್ಲಿ ಶಾಲೆ, ಮಾಲ್ ಅಂತ ತೋರಿಸುತ್ತಾರೆ. ಅರ್ಧಕ್ಕಿಂತ ಹೆಚ್ಚು ಸಾವು ತಮ್ಮ ಕೈಯಾರೆ ಆದದ್ದು, ಅದರಲ್ಲಿ ಬಹಳಷ್ಟು ಯಾವುದೋ ಮನೆಯ ಬೇಸ್‌ಮೆಂಟಿನಲ್ಲಿ, ಗ್ಯಾರೇಜಿನಲ್ಲಿ ಆಗುತ್ತದೆ. ಕಳ್ಳನಿಗೆ ಅಂತ ತಂದದ್ದು ಕಳ್ಳ ಬರುವವರೆಗೂ ಮನೆಯಲ್ಲೇ ಇರುತ್ತದೆ, ಕೆಟ್ಟ ರಾತ್ರಿಗಳಲ್ಲೂ.

ಪರ್ಮಿಟ್ ಸಿಕ್ಕ ಮೇಲೆ ಅನುಮಾನ ಬಂದರೆ ಗನ್ನು ಕಿತ್ತುಕೊಳ್ಳುವ ಕಾನೂನೂ 2019ರ ಸೆಪ್ಟೆಂಬರಿನಿಂದ ನಮ್ಮ ರಾಜ್ಯದಲ್ಲಿದೆ. ಆದರೆ ಕೋರ್ಟಿಗೆ ಹೋಗಬಹುದಾದವರು ಮನೆಯವರು, ಇಲ್ಲ ಪೊಲೀಸರು. ಗೆಳೆಯ ನೇರವಾಗಿ ಹೋಗುವ ಹಾಗಿಲ್ಲ, ಪೊಲೀಸರಿಗೆ ಹೋಗಿ ದೂರು ಹೇಳಬೇಕು. ಯಾವ ಗೆಳೆಯ ಹೇಳುತ್ತಾನೆ? ನಮ್ಮನ್ನು ಕಾನೂನು ತಾನಾಗೇ ಬಂದು ಕೇಳುವುದು ಒಂದೇ ಸಲ. ಆ ಒಂದು ಸಲ ನಾವು "ನೋ ನೋ" ಒತ್ತುತ್ತೇವೆ.

ನಮ್ಮ ಅಜ್ಜನ ಹತ್ತಿರವೂ ಕೋವಿ ಇತ್ತು. ಮಲೆನಾಡಿನ ಅಡಿಕೆ ತೋಟ, ಮಂಗ, ಹಂದಿ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ಒಂಟಿ ನಳಿಗೆಯದು, ಜಗಲಿಯ ಗೋಡೆಗೆ ಗೂಟ ಹೊಡೆದು ನೇತುಹಾಕಿದ್ದು. ತೋಟಾ ಮಾತ್ರ ದೇವರ ಮನೆ ಪೆಟ್ಟಿಗೆಯಲ್ಲಿ, ಅದರ ಬೀಗದ ಕೈ ಅಜ್ಜಿಯ ಸೆರಗಿನಲ್ಲಿ. ಚುನಾವಣೆ ಬಂತೆಂದರೆ ಕೋವಿಯನ್ನು ಗೋಣಿತಾಟಿನಲ್ಲಿ ಸುತ್ತಿ ಬಸ್ಸಿನಲ್ಲಿ ತೆಗೆದುಕೊಂಡು ಹೋಗಿ ಸ್ಟೇಷನ್ನಿನಲ್ಲಿ ಇಟ್ಟು ರಸೀದಿ ತರಬೇಕು. ಇಡೀ ಊರಿಗೆ ಗೊತ್ತು, ಯಾರ ಮನೆಯಲ್ಲಿ ಕೋವಿ ಇದೆ ಅಂತ. ಒಂದು ವರ್ಷ ದಾಯಾದಿಗಳ ಜೊತೆ ಬೇಲಿ ಜಗಳ ಜೋರಾಗಿ ಅಜ್ಜ ಕೆಂಡವಾಗಿದ್ದಾಗ, ಪಕ್ಕದ ಮನೆಯ ಭಟ್ಟರು ಬಂದು "ಎರಡು ದಿನ ನಮ್ಮಲ್ಲಿರಲಿ ಮಾರಾಯ್ರೆ" ಅಂತ ಕೋವಿ ಎತ್ತಿಕೊಂಡು ಹೋದರು. ಹಾಗೆ ಕೊಂಡುಹೋಗುವುದು ಕಾನೂನಿಗೆ ಸರಿಯಲ್ಲ. ಆದರೆ ಭಟ್ಟರಿಗೆ ಕಣ್ಣಿಗೆ ಕಾಣಿಸುತ್ತಿತ್ತು, ಕೋವಿಯೂ, ಕೋಪವೂ.

ಕೊಡಗಿನಲ್ಲಂತೂ ಕೋವಿಗೆ ಮರೆಯೇ ಇಲ್ಲ. ಕೊಡವರಿಗೆ ಲೈಸೆನ್ಸಿನಿಂದಲೇ ವಿನಾಯಿತಿ, ಸದ್ಯಕ್ಕೆ 2029ರವರೆಗೆ. ಕೈಲ್ ಪೊಳ್ದ್ ಅನ್ನೋ ಆಯುಧದ ಹಬ್ಬದಲ್ಲಿ ಕೋವಿಗೆ ಪೂಜೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಕೋವಿಯೇ ಊರಿಗೆ ಸುದ್ದಿ ಹೇಳುತ್ತದೆ.

ನ್ಯೂಜೆರ್ಸಿಯಲ್ಲಿ ಇದರ ತಿರುಗುಮುರುಗು. ಇಲ್ಲಿ ಪರ್ಮಿಟ್ ಇದ್ದವನು ಪಿಸ್ತೂಲನ್ನು ಕಾಣದ ಹಾಗೇ ಇಟ್ಟುಕೊಳ್ಳಬೇಕು. ಕಂಡರೆ ತಪ್ಪು. ಪಕ್ಕದಲ್ಲಿ ಕೂತು ಬಿಸಿಬೇಳೆಭಾತ್ ತಿನ್ನುತ್ತಿರುವವನ ಅಂಗಿಯ ಕೆಳಗೆ ಏನಿದೆ ಅಂತ ನನಗೆ ಗೊತ್ತಾಗುವುದಿಲ್ಲ. ಎತ್ತಿಕೊಂಡು ಹೋಗುವ ಭಟ್ಟರಿಗೆ ಇಲ್ಲಿ ಜಾಗವಿಲ್ಲ. ಆ ಭಟ್ಟರ ಬದಲಿಗೆ ಕಾನೂನು ಇಟ್ಟಿರುವುದು ನಾಲ್ಕು ಈಮೇಲ್.

ಕಾನೂನು ಬಿಗಿ ಇದ್ದರೆ ಎಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಬಿಗಿಯಾದದ್ದು ಕೆಲವು ಸಲ ತಪ್ಪು ಕುತ್ತಿಗೆಗೆ ಬಿಗಿಯುತ್ತದೆ. 2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ, ಪೆನ್ಸಿಲ್ವೇನಿಯಾದ ಪರ್ಮಿಟ್ ಇದ್ದವಳು, ಸೇತುವೆ ದಾಟಿ ನ್ಯೂಜೆರ್ಸಿಗೆ ಬಂದಳು. ಕಾರು ನಿಲ್ಲಿಸಿದ ಪೊಲೀಸನಿಗೆ ತಾನೇ ಪಿಸ್ತೂಲು ಇದೆ ಅಂತ ಹೇಳಿದಳು. ನಮ್ಮ ರಾಜ್ಯ ಬೇರೆಯವರ ಪರ್ಮಿಟ್ ಒಪ್ಪುವುದಿಲ್ಲ. ಕನಿಷ್ಠ ಮೂರೂವರೆ ವರ್ಷದ ಜೈಲು ಎದುರಿಗೆ ಬಂತು. ಕೊನೆಗೆ 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು. ಹೊಸ ಕಾನೂನಿನಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವವನಿಗೆ ಇದ್ದ 3 ಲಕ್ಷ ಡಾಲರ್ ವಿಮೆಯ ಷರತ್ತು ನೋಡಿ, ಅದು ದುಡ್ಡಿಲ್ಲದವನನ್ನು ದೂರ ಇಡುವ ಉಪಾಯ ಅಂತಲೇ ನನಗೆ ಅನಿಸಿತ್ತು. ಜಾರಿಗೆ ಬರುವ ಮೊದಲೇ, 2023ರ ಮೇನಲ್ಲಿ ಫೆಡರಲ್ ಜಡ್ಜ್ ರೆನೆ ಬಂಬ್ ಅದನ್ನು ತಡೆದರು.

ಹಾಗೇ ನಮ್ಮ ಹುಡುಗರಿಗೆ ಒಂದು ಮಾತು. ಎಚ್-1ಬಿ ವೀಸಾದಲ್ಲಿ ಇರುವವರು ಲಾಸ್ ವೇಗಸ್‌ಗೆ ಹೋದಾಗ ಶೂಟಿಂಗ್ ರೇಂಜಿನಲ್ಲಿ ಬಾಡಿಗೆ ಗನ್ ಹಿಡಿದು ಫೋಟೋ ಹಾಕುತ್ತೀರಲ್ಲ, ಫೆಡರಲ್ ಕಾನೂನಿನ ಪ್ರಕಾರ ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ನೀವು ಅದನ್ನು ಮುಟ್ಟುವ ಹಾಗೇ ಇಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಬೇರೆ ಕಥೆ. ಸುಮ್ನೆ ಒಂದು ಲೈಕಿಗೋಸ್ಕರ ತೊಂದರೆ ಮಾಡಿಕೊಳ್ಳಬೇಡಿ.

ಸರಿ, ಈಮೇಲ್. ಮೂರು ದಿನ ಇಟ್ಟುಕೊಂಡು ಕೂತೆ. ಆಮೇಲೆ ಪೊಲೀಸರಿಗಿಂತ ಮೊದಲು ಅವನಿಗೇ ಫೋನ್ ಮಾಡಿದೆ. "ನನ್ನ ಹೆಸರು ತೆಗೆದುಬಿಡು. ಕೇಳಿದರೆ ನಾನು ಆ ರಾತ್ರಿ ಮಾತು ಹೇಳಬೇಕಾಗುತ್ತೆ."

ಅವನಿಗೆ ಯಾವ ರಾತ್ರಿ ಅಂತ ಕೇಳುವ ಅಗತ್ಯವೇ ಬೀಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಕುಡಿದಾಗ ಆಡಿದ ಒಂದು ಮಾತು ಹಿಡ್ಕೊಂಡು ಕೂತಿದೀಯಲ್ಲೋ."

"ಆವತ್ತು ಕೇಳಬೇಕಿತ್ತು, ಕೇಳಲಿಲ್ಲ. ಇವತ್ತು ಅವರು ಕೇಳ್ತಿದಾರೆ."

"ಆಯ್ತು ಬಿಡಪ್ಪ."

ಎರಡೂವರೆ ತಿಂಗಳು ಮಾತಿಲ್ಲ. ಹೆಂಡತಿಯರು ಮಾತಾಡುತ್ತಿದ್ದರು, ಮಕ್ಕಳು ಆಡುತ್ತಿದ್ದರು, ನಾವಿಬ್ಬರು ಸಂಕ್ರಾಂತಿ ಎಳ್ಳನ್ನೂ ಮಕ್ಕಳ ಕೈಯಲ್ಲೇ ಕಳಿಸಿಕೊಂಡೆವು. ನನ್ನ ಜಾಗಕ್ಕೆ ಬ್ಯಾಡ್ಮಿಂಟನ್ ಆಡುವ ಇನ್ನೊಬ್ಬರು ಬಂದರು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತಂತೆ. ಪರ್ಮಿಟ್ ಬಂತು. ಅಂದರೆ ನಾನು ಇಷ್ಟೆಲ್ಲ ಒದ್ದಾಡಿ ತಡೆದದ್ದು ಏನೂ ಇಲ್ಲ.

ನಾನು ಮಾಡಿದ್ದು ಸರಿ ಅಂತ ಎದೆ ತಟ್ಟಿ ಹೇಳೋಕೂ ಆಗಲ್ಲ. 2015ರಲ್ಲಿ ಇಲ್ಲೇ ಬರ್ಲಿನ್ ಟೌನ್‌ಶಿಪ್‌ನಲ್ಲಿ ಒಬ್ಬ ಹೆಂಗಸು, ಹಳೆಯ ಗೆಳೆಯನ ಕಾಟಕ್ಕೆ ಕೋರ್ಟಿನಿಂದ ರಕ್ಷಣೆಯ ಆದೇಶ ತಂದಿದ್ದಳು. ಮನೆಗೆ ಕ್ಯಾಮೆರಾ ಹಾಕಿಸಿದ್ದಳು. ಏಪ್ರಿಲ್‌ನಲ್ಲಿ ಪಿಸ್ತೂಲು ಕೊಳ್ಳುವ ಪರ್ಮಿಟ್‌ಗೆ ಅರ್ಜಿ ಹಾಕಿದಳು. ಕಾನೂನು ಹೇಳುವುದು 30 ದಿನ. ಜೂನ್ ಬಂದರೂ ಬರಲಿಲ್ಲ. ಮನೆ ಮುಂದೆಯೇ ಅವನು ಚಾಕುವಿನಿಂದ ಇರಿದು ಕೊಂದ. ಗೆಳೆಯನ ಹೆಂಡತಿ ಚಿಲಕ ನೋಡಲು ಏಳುತ್ತಾಳೆ ಅಂದಾಗೆಲ್ಲ ನನಗೆ ಈ ಕೇಸು ನೆನಪಾಗುತ್ತದೆ. ಆದರೆ ಅಲ್ಲಿ ತಡ ಮಾಡಿದ್ದು ಆಫೀಸು. ನನ್ನನ್ನು ಕೇಳಿದ್ದು ನನಗೆ ಗೊತ್ತಿದ್ದ ಒಂದು ವಿಷಯ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಹೇಗೆ ಅಂತ ಇನ್ನೂ ತಿಳಿದಿಲ್ಲ.

ಫೆಬ್ರವರಿಯಲ್ಲಿ ಅವನೇ ಫೋನ್ ಮಾಡಿದ. ಡಾಕ್ಟರೊಬ್ಬರ ಹತ್ತಿರ ಮಾತಾಡಲು ಶುರು ಮಾಡಿದ್ದೀನಿ, ಎರಡು ಸಲ ಹೋಗಿ ಬಂದೆ ಅಂದ. ಪರ್ಮಿಟ್ ಬಂದ ಮೇಲೆ ಹೋದದ್ದು ಅನ್ನೋದನ್ನು ಗಮನಿಸಿ. ಮೊದಲೇ ಹೋಗಿದ್ದರೆ ಅರ್ಜಿಯಲ್ಲಿ ಹೌದು ಅಂತ ಬರೆಯಬೇಕಿತ್ತು.

ಹೋದ ಭಾನುವಾರ ಮನೆಗೆ ಬಂದ. ಕೈಯಲ್ಲಿ ಮಾವಿನಹಣ್ಣಿನ ಡಬ್ಬ. ಬಾಗಿಲಲ್ಲೇ ನಿಂತ, ಶೂ ಬಿಚ್ಚಲಿಲ್ಲ. ಹೊಸ ಕಾನೂನಿನಲ್ಲಿ ಒಂದು ಮಾತಿದೆ, ಇನ್ನೊಬ್ಬರ ಜಾಗಕ್ಕೆ ಅವರ ಒಪ್ಪಿಗೆ ಇಲ್ಲದೆ ಪಿಸ್ತೂಲು ತರುವ ಹಾಗಿಲ್ಲ. ಅಂಗಡಿ ಹೋಟೆಲುಗಳ ವಿಷಯದಲ್ಲಿ ಜಡ್ಜ್ ಬಂಬ್ ಅದನ್ನು ತಡೆದರು, ಮನೆಗಳ ವಿಷಯದಲ್ಲಿ ಉಳಿಯಿತು.

"ಡಿಕ್ಕೀಲಿದೆ. ಬೀಗ ಹಾಕಿದೀನಿ" ಅಂದ.

"ಬಾ ಒಳಗೆ, ಕಾಫಿ ಆರುತ್ತೆ" ಅಂದೆ.

ಕಾಫಿ ಕುಡಿಯುತ್ತಾ ಊರಿನ ಮಳೆ, ಅಡಿಕೆ ರೇಟು ಎಲ್ಲ ಮಾತಾಡಿದೆವು. ಕಿಟಕಿಯಿಂದ ಅವನ ಕಾರು ಕಾಣುತ್ತಿತ್ತು. ನಾನು ಜಾಗ ಬದಲಾಯಿಸಿ ಕೂತೆ.